ಜನ ಸಾಲದೋ, ಹಗ್ಗ ಸಡಿಲವೋ?

ಶಿರಸಿ ಕಡೆಯ ಒಂದು ಸೇವಾ ಸಹಕಾರಿ ಸಂಘ ಎಂದಿಟ್ಟುಕೊಳ್ಳಿ. ಮಾರ್ಚ್ ಮೂರನೆಯ ವಾರ. ಬೆಳೆಸಾಲ ತುಂಬಿ ನವೀಕರಿಸಲು ಬಂದವರ ಸಾಲು ಜಗಲಿ ದಾಟಿ ಅಂಗಳಕ್ಕಿಳಿದಿದೆ. ಒಳಗೆ ಆರು ಜನ ಸಿಬ್ಬಂದಿ. ಇಬ್ಬರು ತಲೆ ಎತ್ತದೆ ದುಡಿಯುತ್ತಿದ್ದಾರೆ. ಇನ್ನಿಬ್ಬರು ಕಾಗದ ತಮ್ಮ ಮೇಜಿಗೆ ಬರಲೆಂದು ಕಾದು ಕೂತಿದ್ದಾರೆ. ಒಬ್ಬರು ಚಹಾದ ಉಸ್ತುವಾರಿಯಲ್ಲಿದ್ದಾರೆ. ಆರನೆಯವರು ಎಲ್ಲರ ಹೆಗಲ ಮೇಲಿಂದ ಇಣುಕುತ್ತ ಓಡಾಡುತ್ತಿದ್ದಾರೆ, ಅವರೇ ಕಾರ್ಯದರ್ಶಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಅವರು ಏನು ಕೇಳುತ್ತಾರೆಂದು ಹೇಳಬೇಕಿಲ್ಲ. ಜನ ಸಾಲದು, ಇನ್ನೊಬ್ಬರನ್ನು ಕೊಡಿ.

ಕೊಡುವ ಮೊದಲು ಒಂದು ಹಗ್ಗದ ಲೆಕ್ಕ ನೋಡುವುದು ಒಳ್ಳೆಯದು. ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ 1880ರ ದಶಕದಲ್ಲಿ ವಿದ್ಯಾರ್ಥಿಗಳಿಂದ ಹಗ್ಗ ಎಳೆಸಿ ಬಲವನ್ನು ಅಳೆದ. ಎತ್ತು, ಮನುಷ್ಯ, ಯಂತ್ರ ಇವುಗಳಲ್ಲಿ ಯಾವುದರಿಂದ ಎಷ್ಟು ಕೆಲಸ ಬರುತ್ತದೆ ಎನ್ನುವುದು ಅವನ ಕುತೂಹಲ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ, 8 ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿಗೆ ಬಂದದ್ದು ಅವರು ಒಂಟಿಯಾಗಿ ಎಳೆಯುತ್ತಿದ್ದುದರ ಸುಮಾರು ಅರ್ಧ. ಉಳಿದರ್ಧ ಎಲ್ಲಿ ಹೋಯಿತು?

ರಂಪಣಿ ಎಂಬ ದೊಡ್ಡ ಮೀನುಬಲೆಯನ್ನು ದಂಡೆಗೆ ಎಳೆದದ್ದನ್ನು ಕಂಡ ಕರಾವಳಿಯ ಹಿರಿಯರಿಗೆ ಉತ್ತರದ ಒಂದು ಭಾಗ ಗೊತ್ತು. 1970ರ ದಶಕದ ಕೊನೆಗೆ ಸುತ್ತುಬಲೆಯ ಪರ್ಸಿನ್ ಬೋಟುಗಳು ಬಂದು ಆ ಬಲೆಯನ್ನು ಮೂಲೆಗೆ ತಳ್ಳುವವರೆಗೂ, ಕಾರವಾರ, ಅಂಕೋಲೆಯ ದಂಡೆಗಳಲ್ಲಿ ಊರಿಗೆ ಊರೇ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿತ್ತು. ಒಂದು ಬದಿಯವರು ಆತುರಪಟ್ಟರೆ ಬಲೆ ಓರೆಯಾಗಿ ಬಂಗಡೆ ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಯಾರೂ ಸೋಮಾರಿಯಲ್ಲ, ಕೈಗಳು ಒಂದೇ ಹೊತ್ತಿಗೆ ಕೂಡಿಲ್ಲ, ಅಷ್ಟೆ. ರಿಂಗಲ್‌ಮನ್ ಕೂಡ ಮುಖ್ಯವಾಗಿ ಇದನ್ನೇ ಕಾರಣವಾಗಿ ಕಂಡ. ಇದಕ್ಕೆ ಹೊಂದಾಣಿಕೆಯ ನಷ್ಟ ಎನ್ನೋಣ.

ಆದರೆ 1974ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಉಪಾಯ ಮಾಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ತುದಿಯಲ್ಲಿ ಮುಂದೆ ನಿಲ್ಲಿಸಿದರು. ಹಿಂದೆ ನಿಂತವರು ಎಳೆಯುವಂತೆ ನಟಿಸಿದರೇ ಹೊರತು ಎಳೆಯಲಿಲ್ಲ. ಎಳೆಯುವವನು ನಿಜಕ್ಕೂ ಒಬ್ಬನೇ, ಕೈ ತಪ್ಪುವ ಪ್ರಶ್ನೆಯೇ ಇಲ್ಲ. ಆದರೂ ಹಿಂದೆ ಜನರಿದ್ದಾರೆ ಎಂದು ನಂಬಿದ ಕ್ಷಣ ಅವನ ಎಳೆತ ಇಳಿಯಿತು. ಇದು ಎರಡನೆಯ ನಷ್ಟ, ಮನಸ್ಸಿನದು.

ಎರಡರ ಮದ್ದು ಬೇರೆ ಬೇರೆ. ಹೊಂದಾಣಿಕೆ ತಪ್ಪಿದ ಕಡೆ ಬೈದರೆ ದುಡಿಯುತ್ತಿದ್ದವರೂ ಮುನಿಸಿಕೊಳ್ಳುತ್ತಾರೆ. ಮನಸ್ಸು ಹಿಂದೆಗೆದ ಕಡೆ ಹೊಸ ನಮೂನೆ, ಹೊಸ ರಿಜಿಸ್ಟರು ತಂದರೆ ಹಿಂದೆಗೆಯಲು ಇನ್ನೊಂದು ನೆಪ ಸಿಗುತ್ತದೆ. ನಮ್ಮ ಕಚೇರಿಗಳಲ್ಲಿ ನಡೆಯುವ ಅರ್ಧ ರಾದ್ಧಾಂತ ಈ ಅದಲುಬದಲಿನದ್ದೇ.

ಯಾವುದೆಂದು ಕಂಡುಹಿಡಿಯಲು ಒಂದು ದಿನ ಸಾಕು. ಹತ್ತು ಅರ್ಜಿಗಳಿಗೆ ಒಂದೊಂದು ಚೀಟಿ ಅಂಟಿಸಿ. ಪ್ರತಿ ಮೇಜಿನಲ್ಲೂ ಎರಡು ಸಮಯ ಬರೆಯಿಸಿ: ಕಾಗದ ಬಂದದ್ದು, ಅದನ್ನು ಕೈಗೆತ್ತಿಕೊಂಡದ್ದು. ಮುಗಿಸಿದ ಸಮಯವನ್ನು ಮುಂದಿನ ಮೇಜಿನವರು ಬರೆಯಲಿ, ಇಲ್ಲದಿದ್ದರೆ ಲೆಕ್ಕ ಚೆಂದವಾಗಿಬಿಡುತ್ತದೆ. ಸಂಜೆ ಕೂಡಿಸಿ ನೋಡಿ. ಕಾಗದ ಕೈಯಲ್ಲಿದ್ದ ಹೊತ್ತು ಇಪ್ಪತ್ತು ನಿಮಿಷ, ಕಾದ ಹೊತ್ತು ಎರಡು ತಾಸು ಎಂದಾದರೆ ಜನರಲ್ಲಿ ದೋಷವಿಲ್ಲ, ದಾರಿಯಲ್ಲಿದೆ. ಹೆಚ್ಚಾಗಿ ಎಲ್ಲ ಕಾಗದವೂ ಒಬ್ಬರೇ ಸಹಿಗಾಗಿ ಒಂದೇ ಮೇಜಿನ ಮೇಲೆ ರಾಶಿ ಬಿದ್ದಿರುತ್ತದೆ. ಆ ಮೇಜು ಕಾರ್ಯದರ್ಶಿಯದ್ದೇ ಆಗಿರುವುದೂ ಅಪರೂಪವಲ್ಲ.

ಇಂಥ ಕಡೆ ಏಳನೆಯವರನ್ನು ತಂದರೆ ಏನಾಗುತ್ತದೆ? ಆರು ಜನರ ನಡುವೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿಗಳು 15. ಏಳಾದರೆ 21, ಹನ್ನೆರಡಾದರೆ 66. ಕೈ ಒಂದು ಹೆಚ್ಚುತ್ತದೆ, ಮಾತು ತಪ್ಪುವ ಜಾಗ ಆರು ಹೆಚ್ಚುತ್ತವೆ. ಅದರ ಬದಲು ಇಂತಿಷ್ಟು ಮೊತ್ತದವರೆಗಿನ ಕಾಗದಕ್ಕೆ ಹಿರಿಯ ಗುಮಾಸ್ತರ ಸಹಿ ಸಾಕು ಎಂಬ ಒಂದು ಠರಾವು ಮಾಡಿದರೆ ಸಾಲು ಅರ್ಧ ಕರಗೀತು.

ಕಾದ ಹೊತ್ತು ಕಡಿಮೆ ಇದ್ದು, ಒಂದೆರಡು ಮೇಜುಗಳಲ್ಲಿ ಮಾತ್ರ ಕೆಲಸ ನಿಧಾನವಾಗಿದ್ದರೆ ಮನಸ್ಸಿನ ನಷ್ಟದ ಕಡೆ ನೋಡಬೇಕು. ತನ್ನ ಪಾಲು ಎಷ್ಟೆಂದು ಬೇರೆಯಾಗಿ ಕಾಣುತ್ತದೆ ಎಂದಾದರೆ ಜನ ಗುಂಪಿನಲ್ಲೂ ಸಡಿಲಬಿಡುವುದು ಕಡಿಮೆ. ಇದನ್ನೂ ಪ್ರಯೋಗಗಳು ತೋರಿಸಿವೆ. ‘ಎಲ್ಲರೂ ಸೇರಿ ಮಾಡಿ’ ಎನ್ನುವ ಆದೇಶ ಕೇಳಲು ಹಿತ, ನಡೆಸಲು ಕಷ್ಟ. ‘ವಸೂಲಿ ಪಟ್ಟಿಯ ಮೊದಲ 40 ಹೆಸರು ಇವರದ್ದು, ನಂತರದ 40 ಅವರದ್ದು’ ಎಂದು ಹಂಚುವುದು ಒಣ ಮಾತು, ಆದರೆ ಕೆಲಸ ಸಾಗುತ್ತದೆ. ಪಟ್ಟಿಯನ್ನು ಗೋಡೆಗೆ ಅಂಟಿಸುವ ಉತ್ಸಾಹ ಮಾತ್ರ ಬೇಡ. ಸಂಘಕ್ಕೆ ಬಂದುಹೋಗುವ ಸದಸ್ಯರೆಲ್ಲ ಅದನ್ನು ಓದುತ್ತಾರೆ, ಸಂಜೆಗೆ ಊರಿನ ಸುದ್ದಿಯಾಗುತ್ತದೆ.

ಈಗಿನ ಸಂಘಗಳಲ್ಲಿ ತಂಡದ ಸಮತೋಲ ತಪ್ಪಿಸುತ್ತಿರುವ ದೊಡ್ಡ ಸಂಗತಿ ಕಂಪ್ಯೂಟರು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕಕ್ಕೆ ಅದು ಒಳ್ಳೆಯದೇ. ಆದರೆ ಕಿರ್ದಿ, ಖತಾವಣಿಯಲ್ಲಿ ಇಪ್ಪತ್ತೈದು ವರ್ಷ ಪಳಗಿದವರು ಒಂದು ಬೆಳಿಗ್ಗೆ ಕಲಿಯುವವರಾಗುತ್ತಾರೆ, ನಿನ್ನೆ ಸೇರಿದ ಹುಡುಗ ಬಲ್ಲವನಾಗುತ್ತಾನೆ. ಫ್ರೆಂಚ್ ಮತ್ತು ರೇವನ್ ಎಂಬಿಬ್ಬರು 1959ರಲ್ಲಿ ಅಧಿಕಾರದ ಮೂಲಗಳನ್ನು ಐದಾಗಿ ಬಿಡಿಸಿದ್ದರು: ಹುದ್ದೆಯಿಂದ ಬರುವುದು, ಕೊಡುವ ಶಕ್ತಿಯಿಂದ, ಶಿಕ್ಷಿಸುವ ಶಕ್ತಿಯಿಂದ, ಪರಿಣತಿಯಿಂದ, ಜನರ ಆದರದಿಂದ ಬರುವುದು. ಇಲ್ಲಿ ಪರಿಣತಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಸರಿದಿದೆ, ಹುದ್ದೆ ಮತ್ತು ಆದರ ಹಳೆಯ ಕುರ್ಚಿಯಲ್ಲೇ ಉಳಿದಿವೆ. ಹಿರಿಯರು ‘ಸಿಸ್ಟಮ್ ಸರಿ ಇಲ್ಲ’ ಎನ್ನತೊಡಗುತ್ತಾರೆ. ಹುಡುಗ ಪಾಸ್‌ವರ್ಡನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಇಬ್ಬರ ಸ್ವಭಾವವೂ ಕೆಟ್ಟಿಲ್ಲ, ಇಬ್ಬರೂ ತಮ್ಮ ನೆಲೆ ಕಾಯುತ್ತಿದ್ದಾರೆ.

ಇಲ್ಲಿ ಹರ್ಸಿ ಮತ್ತು ಬ್ಲಾಂಚರ್ಡ್ 1969ರಲ್ಲಿ ಹೇಳಿದ ಒಂದು ಮಾತು ಕೆಲಸಕ್ಕೆ ಬರುತ್ತದೆ. ಮುಂದಾಳು ತನ್ನ ರೀತಿಯನ್ನು ಎದುರಿನವರ ಸಿದ್ಧತೆಗೆ ತಕ್ಕಂತೆ ಬದಲಿಸಬೇಕು: ಏನೂ ಗೊತ್ತಿಲ್ಲದಾಗ ಹೇಳಿಕೊಡು, ಕಲಿಯುತ್ತಿರುವಾಗ ಕಾರಣ ತಿಳಿಸು, ಬಂದರೂ ಧೈರ್ಯ ಸಾಲದಾಗ ಜೊತೆಗಿರು, ಪಳಗಿದ ಮೇಲೆ ಬಿಟ್ಟುಕೊಡು. ಮರೆಯುವ ಅಂಶವೆಂದರೆ ಈ ಸಿದ್ಧತೆ ವ್ಯಕ್ತಿಯದ್ದಲ್ಲ, ಆಯಾ ಕೆಲಸದ್ದು. ಅದೇ ಹಿರಿಯ ಗುಮಾಸ್ತರು ಸದಸ್ಯರ ಜಮೀನು, ಜಾಮೀನಿನ ವಿಚಾರದಲ್ಲಿ ಯಾರೂ ಹೇಳಿಕೊಡಬೇಕಾದವರಲ್ಲ, ತಂತ್ರಾಂಶದಲ್ಲಿ ಮೊದಲ ಮೆಟ್ಟಿಲಿನವರು. ಇಡೀ ಮನುಷ್ಯನನ್ನೇ ‘ಹಳಬರು’ ಎಂದು ಬದಿಗಿಟ್ಟರೆ ಹುಡುಗನಿಗೆ ಗೊತ್ತಿಲ್ಲದ ಅರ್ಧ ಕೆಲಸ ಸಂಘದಿಂದಲೇ ಕಳೆದುಹೋಗುತ್ತದೆ. ಇಬ್ಬರನ್ನೂ ಮೂರು ತಿಂಗಳು ಒಂದೇ ಮೇಜಿಗೆ ಕೂರಿಸಿ. ಕೀಲಿಮಣೆ ಹಿರಿಯರ ಕೈಯಲ್ಲಿರಲಿ, ಹುಡುಗ ಪಕ್ಕದಲ್ಲಿ ಕೂತು ಹೇಳಲಿ. ತಿರುವುಮುರುವಾದರೆ ಹಿರಿಯರು ಹೇಳಿ ಬರೆಯಿಸುತ್ತಾರೆ, ಕಲಿಯುವುದಿಲ್ಲ. ಕಲಿಸುವ ಹೊತ್ತು ಸದಸ್ಯರೆದುರು ಬೇಡ, ಬಾಗಿಲು ತೆರೆಯುವ ಮೊದಲಿನ ಅರ್ಧ ತಾಸು ಇರಲಿ. ಮಗನ ವಯಸ್ಸಿನವನಿಂದ ಹೇಳಿಸಿಕೊಳ್ಳುವುದನ್ನು ಊರವರು ನೋಡಬಾರದು ಎನ್ನುವ ಸಂಕೋಚಕ್ಕೆ ಬೆಲೆ ಕೊಟ್ಟರೆ ಅರ್ಧ ಪ್ರತಿರೋಧ ಇಳಿಯುತ್ತದೆ.

ಸಹಕಾರಿ ಸಂಘಗಳ ಇನ್ನೊಂದು ರೋಗ, ಯಜಮಾನರು ಹಲವರು. ಒಬ್ಬ ನೌಕರನಿಗೆ ಆದೇಶ ಒಬ್ಬರಿಂದಲೇ ಬರಬೇಕು ಎಂದು ಹೆನ್ರಿ ಫಾಯೋಲ್ 1916ರಲ್ಲೇ ಬರೆದಿದ್ದ. ನಮ್ಮಲ್ಲಿ ಅಧ್ಯಕ್ಷರ ಫೋನು ನೇರ ಗುಮಾಸ್ತರಿಗೆ ಬರುತ್ತದೆ, ‘ಅವರದ್ದೊಂದು ಇವತ್ತೇ ಮಾಡಿಕೊಡು ತಮಾ’ ಎಂದು. ಕಾರ್ಯದರ್ಶಿ ಬೆಳಿಗ್ಗೆ ಬೇರೆಯದೇ ಹೇಳಿರುತ್ತಾರೆ. ಗುಮಾಸ್ತ ಯಾರ ಮಾತು ಕೇಳಿದರೂ ಇನ್ನೊಬ್ಬರ ಸಿಟ್ಟಿಗೆ ಗುರಿ. ಅಧ್ಯಕ್ಷರಿಗೆ ಫೋನ್ ಮಾಡಬೇಡಿ ಎನ್ನುವ ನಿಯಮ ಒಂದು ವಾರವೂ ಬಾಳುವುದಿಲ್ಲ. ಬಾಳುವ ಉಪಾಯ, ಒಂದು ಪುಸ್ತಕ. ಬಾಯಿಮಾತಿನಲ್ಲಿ ಬಂದ ಪ್ರತಿ ಸೂಚನೆಯನ್ನೂ ಗುಮಾಸ್ತ ಒಂದು ಸಾಲಿನಲ್ಲಿ ಬರೆಯುತ್ತಾನೆ, ಕಾರ್ಯದರ್ಶಿ ಸಂಜೆ ಅದರ ಮುಂದೆ ಸಹಿ ಮಾಡುತ್ತಾರೆ ಅಥವಾ ತಾವೇ ಅಧ್ಯಕ್ಷರೊಡನೆ ಮಾತಾಡುತ್ತಾರೆ. ಗುಮಾಸ್ತ ನಡುವಿನಿಂದ ಪಾರು. ಆದರೆ ಕಾರ್ಯದರ್ಶಿ ಆ ಪುಸ್ತಕವನ್ನು ಸಭೆಗೆ ಒಯ್ದು ದೂರಿನ ಪಟ್ಟಿಯಂತೆ ಓದಿದರೆ ಮರುದಿನದಿಂದ ಅದು ಖಾಲಿ.

ಆಡಳಿತ ಮಂಡಳಿಯ ಅವಧಿ 5 ವರ್ಷ. ಚುನಾವಣೆಯ ನಂತರ ಹೊಸಬರು ಬಂದಾಗ ಈ ಪುಸ್ತಕದ ಪದ್ಧತಿಯನ್ನು ಮೊದಲ ಸಭೆಯಲ್ಲೇ ತಿಳಿಸಬೇಕು. ಆರು ತಿಂಗಳ ಮೇಲೆ ತಿಳಿಸಿದರೆ ತಮ್ಮ ಮೇಲಿನ ಅಪನಂಬಿಕೆ ಎಂದು ಕಾಣುತ್ತದೆ.

ತಂಡದ ಆರೋಗ್ಯ ನೋಡಲು ಭೂತಗನ್ನಡಿ ಬೇಡ. ಸಾಹೇಬರು ಮೀಟಿಂಗಿಗೆಂದು ಕಾರವಾರಕ್ಕೆ ಹೋದ ದಿನ ಏನು ನಡೆಯುತ್ತದೆ ಎಂದು ನೋಡಿದರೆ ಸಾಕು. ಶಿರಸಿಯಿಂದ ಘಟ್ಟ ಇಳಿದು ಹತ್ತಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ, ಪರೀಕ್ಷೆಗೆ ಹೊತ್ತು ಧಾರಾಳ. 1939ರಲ್ಲಿ ಪ್ರಕಟವಾದ ಕರ್ಟ್ ಲೆವಿನ್ ಮತ್ತು ಜೊತೆಗಾರರ ಅಧ್ಯಯನದಲ್ಲಿ ಹುಡುಗರ ಗುಂಪುಗಳಿಗೆ ಬೇರೆ ಬೇರೆ ರೀತಿಯ ಮುಂದಾಳುಗಳನ್ನು ಕೊಟ್ಟಿದ್ದರು. ಬರೀ ಆಜ್ಞೆಯಿಂದ ನಡೆದ ಗುಂಪು ಮುಂದಾಳು ಇದ್ದಾಗ ಚುರುಕು, ಅವನು ಕೋಣೆಯಿಂದ ಹೊರಬಿದ್ದೊಡನೆ ಕೆಲಸ ನಿಲ್ಲುತ್ತಿತ್ತು. ಕೇಳಿ, ಚರ್ಚಿಸಿ ನಡೆಸಿದ ಗುಂಪು ಅವನಿಲ್ಲದಾಗಲೂ ಮುಂದುವರಿಯಿತು.

ಇನ್ನೊಂದು ಲಕ್ಷಣ ಮೌನ. ತಿಂಗಳಿಡೀ ಯಾರೂ ಒಂದು ತಪ್ಪಿನ ಸುದ್ದಿ ತಂದಿಲ್ಲ ಎಂದರೆ ತಪ್ಪು ಆಗಿಲ್ಲ ಎಂದಲ್ಲ. ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ನೋಡಿದಾಗ, ಒಳ್ಳೆಯ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಬಹುದಿತ್ತು ಎನ್ನುವುದೇ ಅವರು ಕಂಡ ಕಾರಣ. ನಮ್ಮಲ್ಲಿ ಇದು ತೀರ್ಮಾನವಾಗುವುದು ಮುಂದಾಳಿನ ಮೊದಲ ವಾಕ್ಯದಲ್ಲಿ. ‘ಹೆಗಡೇರೆ, ನಿನ್ನೆಯ ಒಂದು ರಸೀದಿ ಬೇರೆಯವರ ಖಾತೆಗೆ ಬಿದ್ದಿದೆ’ ಎಂದು ಯಾರಾದರೂ ಬಂದಾಗ ‘ಅದ್ಹೆಂಗೆ ಬಿತ್ತು?’ ಎಂದರೆ ಆತ ಉತ್ತರವನ್ನಲ್ಲ, ನೆಪವನ್ನು ಹುಡುಕುತ್ತಾನೆ. ‘ಇವತ್ತೇ ತಿದ್ದಲಿಕ್ಕೆ ಬರ್ತದಾ? ಆ ಸದಸ್ಯರಿಗೆ ಯಾರು ಹೇಳ್ತೀರಿ?’ ಎಂದರೆ ಮುಂದಿನ ತಪ್ಪೂ ಹೀಗೇ ಮೇಜಿಗೆ ಬರುತ್ತದೆ. ಹೇಗೆ ಬಿತ್ತು ಎನ್ನುವುದನ್ನು ಕೇಳಲೇಬೇಕು, ತಿದ್ದಿದ ಮೇಲೆ, ಬಾಗಿಲು ಹಾಕಿಕೊಂಡು. ಸಭೆಯಲ್ಲಿ ಮುಂದಾಳು ಕೊನೆಗೆ ಮಾತಾಡಬೇಕು, ತೀರ ಕಿರಿಯರು ಮೊದಲು. ಮುಂದಾಳು ಮೊದಲೇ ತೀರ್ಪು ಕೊಟ್ಟರೆ ಉಳಿದವರು ತಲೆಯಾಡಿಸಿ ಏಳುತ್ತಾರೆ.

ಮೌನಕ್ಕೆ ಇಲ್ಲಿನದೇ ಒಂದು ಕಾರಣವಿದೆ, ಚಹಾದ ಹೊತ್ತಿನ ಭಾಷೆ. ಕಾರವಾರದ ಕಚೇರಿಗಳಲ್ಲಿ ಮಾತು ತಾನಾಗಿ ಕೊಂಕಣಿಗೆ ಹೊರಳುತ್ತದೆ, ಶಿರಸಿ ಸಿದ್ದಾಪುರದಲ್ಲಿ ಹವ್ಯಕಕ್ಕೆ. ಅದರಲ್ಲಿ ಕೇಡೇನೂ ಇಲ್ಲ. ಆದರೆ ಕೆಲಸದ ನಿರ್ಧಾರವೂ ಅದೇ ಚಹಾದ ಮೇಲೆ ಆಗಿಹೋದರೆ, ಕಲಬುರಗಿಯಿಂದಲೋ ಮಂಡ್ಯದಿಂದಲೋ ವರ್ಗವಾಗಿ ಬಂದವರಿಗೆ ಅದು ಮರುದಿನ ಬೇರೆಯವರಿಂದ ತಿಳಿಯುತ್ತದೆ. ‘ಅವರು ನಮ್ಮೊಡನೆ ಬೆರೆಯುವುದಿಲ್ಲ’ ಎಂಬ ಮಾತು ಹುಟ್ಟುವುದು ಇಲ್ಲಿಂದ. ಹರಟೆ ಯಾವ ಭಾಷೆಯಲ್ಲಾದರೂ ಇರಲಿ. ಕೆಲಸದ ಮಾತು ಬಂದಾಗ ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ಬರುವುದನ್ನು ಮುಂದಾಳು ತಾನೇ ಮಾಡಿ ತೋರಿಸಬೇಕು, ಸುತ್ತೋಲೆ ಹೊರಡಿಸಿ ಅಲ್ಲ.

ತಂಡ ಕೂಡಿಬರುವ ಹಂತಗಳ ವಿಚಾರ ಎಲ್ಲ ತರಬೇತಿಗಳಲ್ಲೂ ಬರುತ್ತದೆ. ಬ್ರೂಸ್ ಟಕ್‌ಮನ್ 1965ರಲ್ಲಿ ನಾಲ್ಕು ಹೇಳಿದ: ಸೇರುವುದು, ತಿಕ್ಕಾಡುವುದು, ರೂಢಿಗೆ ಬರುವುದು, ಕೆಲಸ ಮಾಡುವುದು. 1977ರಲ್ಲಿ ಚದುರುವುದು ಎಂಬ ಐದನೆಯದು ಸೇರಿತು. ಇದನ್ನು ಪಂಚಾಂಗದಂತೆ ನಂಬಬೇಕಿಲ್ಲ. ಆದರೂ ಐದನ್ನೂ ವರ್ಷಕ್ಕೊಮ್ಮೆ ಕಾಣಬೇಕೆಂದರೆ ಕಾರವಾರದ ಬೈತಖೋಲ ಬಂದರಿಗೆ ಹೋಗಬಹುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ತಂಡಗಳು ಚದುರುತ್ತವೆ. ಆಗಸ್ಟಿನಲ್ಲಿ ಅದೇ ಬೋಟಿಗೆ ಅರ್ಧ ಹಳಬರು, ಒಡಿಶಾ, ಜಾರ್ಖಂಡ್ ಕಡೆಯ ಅರ್ಧ ಹೊಸಬರು. ಮಾಲೀಕರು ಬೋಟು ನಡೆಸುವ ತಾಂಡೇಲನೊಬ್ಬ ಹಳಬನಿದ್ದರೆ ಆಯಿತು ಎಂದುಕೊಳ್ಳುತ್ತಾರೆ. ಆದರೆ ಒಬ್ಬಿಬ್ಬರು ಬದಲಾದರೂ ತಂಡ ಮತ್ತೆ ಮೊದಲಿನಿಂದ ಹೊರಡುತ್ತದೆ. ಮೊದಲ ದಿನವೇ ಬಲೆಯ ಯಾವ ಕಡೆ ಯಾರು, ಎಂಜಿನ್ ಯಾರದು, ತಾಂಡೇಲನ ಕೂಗಿಗೆ ಯಾವ ಅರ್ಥ ಎನ್ನುವುದನ್ನು ದಂಡೆಯಲ್ಲೇ, ಹೊಸಬರ ಬಾಯಿಂದ ತಿರುಗಿ ಹೇಳಿಸಬೇಕು. ಎರಡು ಮೂರು ವಾರದಲ್ಲಿ ತಿಕ್ಕಾಟ ಬಂದೇ ಬರುತ್ತದೆ. ಆಗ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕಿದರೆ ಮತ್ತೆ ಮೊದಲ ದಿನಕ್ಕೇ ಬಂದಂತೆ.

ತೆಗೆಯುವ ಮೊದಲು ಮಾಲೀಕರು ನೋಡಬೇಕಾದದ್ದು ಮುಂಗಡದ ಪುಸ್ತಕ. ಜಗಳ ಊಟದ್ದೆಂದೋ ಮಲಗುವ ಜಾಗದ್ದೆಂದೋ ಕಂಡರೂ, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಪಾಲು ಹೇಗೆ ಕಡಿದರು, ಅದನ್ನು ಹೊಸಬನಿಗೆ ಅವನ ಭಾಷೆಯಲ್ಲಿ ಯಾರಾದರೂ ಓದಿ ಹೇಳಿದ್ದಾರೋ ಇಲ್ಲವೋ ಎಂದು ಮೊದಲು ವಿಚಾರಿಸಬೇಕು.