ರೋಗವ್ಯಾಪ್ತಿ ಪ್ರಮಾಣ: ಭಾರತದ ಮಧುಮೇಹದ ಅಂಕಿಗಳನ್ನು ಓದುವ ಬಗೆ

ನಿರ್ದಿಷ್ಟ ಕಾಲದಲ್ಲಿ ಒಂದು ಜನಸಮುದಾಯದ ನೂರು ಮಂದಿಯಲ್ಲಿ ಎಷ್ಟು ಜನರಿಗೆ ಒಂದು ಕಾಯಿಲೆ ಇದೆ ಎಂಬ ಲೆಕ್ಕವನ್ನು ರೋಗವ್ಯಾಪ್ತಿ ಪ್ರಮಾಣ ಎನ್ನಲಾಗುತ್ತದೆ; ಆರೋಗ್ಯ ವರದಿಗಳಲ್ಲಿ ಇದು ‘ಪ್ರಿವೆಲೆನ್ಸ್’ ಎಂದೇ ಬಳಕೆಯಲ್ಲಿದೆ. ಒಂದು ವರ್ಷದಲ್ಲಿ ಹೊಸದಾಗಿ ಕಾಯಿಲೆಗೆ ಒಳಗಾದವರನ್ನು ಮಾತ್ರ ಎಣಿಸುವ ಲೆಕ್ಕ ಬೇರೆಯೇ ಇದೆ. ಕೆರೆಗೆ ಈ ವರ್ಷ ಹರಿದುಬಂದ ನೀರಿಗೂ ಕೆರೆಯಲ್ಲಿ ನಿಂತಿರುವ ನೀರಿಗೂ ಇರುವ ವ್ಯತ್ಯಾಸವೇ ಇವೆರಡರ ನಡುವೆಯೂ ಇದೆ.

ಮಧುಮೇಹದ ವಿಷಯದಲ್ಲಿ ಈ ವ್ಯತ್ಯಾಸವನ್ನು ಮರೆತರೆ ತಪ್ಪು ತೀರ್ಮಾನಕ್ಕೆ ಬರುವುದು ಖಚಿತ. ಸಕ್ಕರೆ ಕಾಯಿಲೆ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುವುದರಿಂದ, ಔಷಧ ಮತ್ತು ಇನ್ಸುಲಿನ್ ಸುಲಭವಾಗಿ ದೊರೆತು ರೋಗಿಗಳು ಹೆಚ್ಚು ಕಾಲ ಬದುಕಿದಷ್ಟೂ ವ್ಯಾಪ್ತಿ ಪ್ರಮಾಣ ಏರುತ್ತದೆ. ಆದ್ದರಿಂದ ಏರಿಕೆಯೆಲ್ಲವೂ ಕೆಟ್ಟ ಸುದ್ದಿಯಲ್ಲ. ಆದರೆ ಭಾರತದ ಏರಿಕೆಯನ್ನು ಇದೊಂದೇ ಕಾರಣದಿಂದ ವಿವರಿಸಲಾಗದು. 1970ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯಲ್ಲಿ ಈ ಪ್ರಮಾಣ ನಗರಗಳಲ್ಲಿ ಶೇ 2.1, ಹಳ್ಳಿಗಳಲ್ಲಿ ಶೇ 1.5 ಇತ್ತು. ಅದೇ ಮಂಡಳಿಯ ‘ಇಂಡಿಯಾಬ್’ ಅಧ್ಯಯನ, 20 ವರ್ಷ ದಾಟಿದ 1.13 ಲಕ್ಷ ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ನಗರಗಳಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9, ಒಟ್ಟಾರೆ ಶೇ 11.4 ಮಂದಿಗೆ ಮಧುಮೇಹವಿದೆ. ಎರಡು ಸಮೀಕ್ಷೆಗಳ ವಯೋಮಿತಿಯೂ ಪರೀಕ್ಷಾ ವಿಧಾನವೂ ಒಂದೇ ಅಲ್ಲದ ಕಾರಣ ನೇರ ಹೋಲಿಕೆ ಪೂರ್ತಿ ಸರಿಯಲ್ಲವಾದರೂ, ಅಂತರದ ಗಾತ್ರ ಕಡೆಗಣಿಸುವಂಥದ್ದಲ್ಲ.

ಶೇಕಡಾವಾರು ಪ್ರಮಾಣವನ್ನೂ ತಲೆ ಎಣಿಕೆಯನ್ನೂ ಬೆರೆಸುವುದು ಪತ್ರಿಕಾ ಶೀರ್ಷಿಕೆಗಳ ಹಳೆಯ ಚಾಳಿ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಲ್ಲಿ ಭಾರತದ ರೋಗಿಗಳ ಸಂಖ್ಯೆ 7.4 ಕೋಟಿ, ಪಾಕಿಸ್ತಾನದ್ದು 3.3 ಕೋಟಿ, ಆದರೆ ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿದ ಪ್ರಮಾಣ ಅಲ್ಲಿ ಶೇ 30.8, ಇಲ್ಲಿ ಶೇ 9.6. ಆಸ್ಪತ್ರೆ, ಔಷಧ, ವೈದ್ಯರು ಎಷ್ಟು ಬೇಕೆಂದು ಯೋಜಿಸುವವರಿಗೆ ತಲೆ ಎಣಿಕೆ ಮುಖ್ಯ. ಯಾವ ಸಮಾಜ ರೋಗಕ್ಕೆ ಹೆಚ್ಚು ತುತ್ತಾಗಿದೆ ಎಂದು ತಿಳಿಯಬೇಕಾದವರಿಗೆ ಪ್ರಮಾಣವೇ ಮುಖ್ಯ.

ಅಳತೆಗೋಲು ಬದಲಾದರೂ ಉತ್ತರ ಬದಲಾಗುತ್ತದೆ. ಇಂಡಿಯಾಬ್ ಲೆಕ್ಕದಲ್ಲಿ ದೇಶದ ಮಧುಮೇಹಿಗಳು ಸುಮಾರು 10.1 ಕೋಟಿ, 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದಲ್ಲಿ 21.2 ಕೋಟಿ. ಮೊದಲನೆಯದು ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಮತ್ತು ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಪರೀಕ್ಷೆಯನ್ನು ಆಧರಿಸಿದೆ. ಎರಡನೆಯದು ಖಾಲಿ ಹೊಟ್ಟೆಯ ಪರೀಕ್ಷೆಯ ಜತೆಗೆ, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಪರಿಗಣಿಸಿದೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂಬುದು, ರಕ್ತಹೀನತೆ ಇಷ್ಟು ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಸಣ್ಣ ಮಾತಲ್ಲ.

ಪತ್ತೆಯಾದವರ ಸಂಖ್ಯೆಯನ್ನೇ ವ್ಯಾಪ್ತಿ ಎಂದುಕೊಳ್ಳುವುದೂ ಸರಿಯಲ್ಲ. ಕರ್ನಾಟಕದ ‘ಗೃಹ ಆರೋಗ್ಯ’ದಂತಹ ಮನೆಮನೆ ತಪಾಸಣೆಯ ಯೋಜನೆಗಳು ಬಂದಾಗ ದಾಖಲೆಯಲ್ಲಿ ರೋಗಿಗಳು ಹೆಚ್ಚುತ್ತಾರೆ, ಅವರಲ್ಲಿ ಬಹಳಷ್ಟು ಮಂದಿಗೆ ಕಾಯಿಲೆ ಮೊದಲೇ ಇದ್ದಿರುತ್ತದೆ, ತಿಳಿದಿರುವುದಿಲ್ಲ ಅಷ್ಟೆ.

ರಾಷ್ಟ್ರೀಯ ಸರಾಸರಿಯೊಳಗೆ ಅಡಗಿದ ಅಸಮಾನತೆ ನನ್ನ ದೃಷ್ಟಿಯಲ್ಲಿ ಸರಾಸರಿಗಿಂತ ಹೆಚ್ಚು ಹೇಳುತ್ತದೆ. ಇಂಡಿಯಾಬ್ ಪ್ರಕಾರ ಗೋವಾದಲ್ಲಿ ಶೇ 26.4, ಕೇರಳದಲ್ಲಿ ಶೇ 25.5 ಇರುವ ಪ್ರಮಾಣ ಉತ್ತರ ಪ್ರದೇಶದಲ್ಲಿ ಶೇ 4.8 ಮಾತ್ರ. ಆದರೆ ಮಧುಮೇಹದ ಹೊಸ್ತಿಲಲ್ಲಿರುವ, ಅಂದರೆ ಪ್ರೀಡಯಾಬಿಟಿಸ್ ಇರುವವರ ಪ್ರಮಾಣ ದೇಶದಲ್ಲಿ ಶೇ 15.3 ಇದ್ದರೆ ಉತ್ತರ ಪ್ರದೇಶದಲ್ಲಿ ಶೇ 18. ಇಂದು ಅತಿ ಕಡಿಮೆ ಅಂಕಿಯಿರುವ, ದೇಶದಲ್ಲೇ ಅತಿ ಹೆಚ್ಚು ಜನಸಂಖ್ಯೆಯ ಈ ರಾಜ್ಯದಲ್ಲಿ ಹೊಸ್ತಿಲಲ್ಲಿರುವವರೇ ರೋಗಿಗಳಿಗಿಂತ ಸುಮಾರು ನಾಲ್ಕು ಪಟ್ಟು ಇದ್ದಾರೆ.