ಉಪ್ಪುಗಾಳಿಯೂ ತಗಡಿನ ಸೂರೂ

ಕಡಲ ಹತ್ತಿರದ ಹಳೆಯ ತಗಡಿನ ಮಾಡನ್ನು ಒಮ್ಮೆ ಗಮನವಿಟ್ಟು ನೋಡಿ. ತುಕ್ಕು ಎಲ್ಲ ಕಡೆ ಒಂದೇ ಸಮನೆ ಹಿಡಿದಿರುವುದಿಲ್ಲ. ಶೀಟಿನ ನಡುಭಾಗ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗಿರುವುದು ಸ್ಕ್ರೂ ಕೂತ ಜಾಗ, ಕತ್ತರಿಸಿದ ಅಂಚು, ಶೀಟಿನ ಮೇಲೆ ಶೀಟ್ ಕೂತ ಜೋಡು, ಸೂರಿನ ಅಡಿಭಾಗ. ಕೊಳ್ಳುವಾಗ ನಾವು ಬಣ್ಣ, ದಪ್ಪ, ರೇಟು ಕೇಳುತ್ತೇವೆ. ಮಾಡು ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಮಾತ್ರ ಈ ಸಣ್ಣ ಸಣ್ಣ ಜಾಗಗಳು.

ಮೊದಲು ಉಪ್ಪಿನ ವಿಷಯ. ಸಮುದ್ರದ ನೀರು ಆವಿಯಾದಾಗ ಉಪ್ಪು ಜತೆಗೆ ಮೇಲೇಳುವುದಿಲ್ಲ, ಕೆಳಗೇ ಉಳಿಯುತ್ತದೆ. ಹಾಗಾದರೆ ಮಾಡಿನ ಮೇಲೆ ಬಂದು ಕೂರುವುದು ಹೇಗೆ? ಅಲೆ ಬಡಿದಾಗ ಏಳುವ ನೊರೆಯಲ್ಲಿ ಲೆಕ್ಕವಿಲ್ಲದಷ್ಟು ಗುಳ್ಳೆಗಳಿರುತ್ತವೆ. ಒಂದೊಂದು ಗುಳ್ಳೆ ಒಡೆದಾಗಲೂ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಚಿಮ್ಮುತ್ತವೆ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ಹಾಗಾಗಿ ಪ್ರತಿ ಹನಿಯಲ್ಲೂ ಉಪ್ಪು ಇದ್ದೇ ಇರುತ್ತದೆ. ದಪ್ಪ ಹನಿಗಳು ದಡದ ಪಕ್ಕದಲ್ಲೇ ಬೀಳುತ್ತವೆ. ಸಣ್ಣವು ಗಾಳಿಯೊಂದಿಗೆ ಒಳನಾಡಿಗೆ ಹೋಗುತ್ತವೆ. ಆದ್ದರಿಂದಲೇ ಮೊದಲ ಕೆಲವು ನೂರು ಮೀಟರಿನಲ್ಲಿ ಉಪ್ಪಿನ ಪ್ರಮಾಣ ಧಡಧಡನೆ ಇಳಿಯುತ್ತದೆ, ಆಮೇಲೆ ನಿಧಾನಕ್ಕೆ.

ಆದರೆ ಟೇಪು ಹಿಡಿದು ದೂರ ಅಳೆದರೆ ಸಾಲದು. ಅಲೆ ಬಡಿಯದ ಶಾಂತ ಹಿನ್ನೀರಿನ ಪಕ್ಕದ ಮನೆಗೆ, ಅಷ್ಟೇ ದೂರದಲ್ಲಿ ತೆರೆದ ಕಡಲಿಗೆ ಮುಖ ಮಾಡಿದ ಮನೆಗಿಂತ ಕಡಿಮೆ ಉಪ್ಪು ಬರುತ್ತದೆ. ನಡುವೆ ಗುಡ್ಡವೋ ದಟ್ಟ ಮರಗಳೋ ಇದ್ದರೆ ಲೆಕ್ಕ ಬದಲಾಗುತ್ತದೆ. ಗಾಳಿ ವರ್ಷದ ಹೆಚ್ಚಿನ ದಿನ ಯಾವ ಕಡೆಯಿಂದ ಬೀಸುತ್ತದೆ ಅನ್ನುವುದೂ ಮುಖ್ಯ. ಕಂಪನಿಗಳ ವಾರಂಟಿ ಪತ್ರದಲ್ಲಿ "ಸಮುದ್ರದಿಂದ ಇಷ್ಟು ದೂರದೊಳಗೆ ಅನ್ವಯಿಸುವುದಿಲ್ಲ" ಎಂಬ ಸಣ್ಣಕ್ಷರದ ಸಾಲು ಸಾಮಾನ್ಯ. ಹಣ ಕೊಡುವ ಮುಂಚೆ ಆ ಒಂದು ಸಾಲು ಓದಿ, ಮಿಕ್ಕದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ಉಪ್ಪಿನ ದೊಡ್ಡ ಕಿತಾಪತಿ ಬೇರೆಯೇ ಇದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ಕರಗಿ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ 33 ಶೇಕಡಾ ತೇವ ಸಾಕು. ಅಂದರೆ ಮಳೆಯೇ ಇಲ್ಲದ ದಿನವೂ ಉಪ್ಪು ಕೂತ ತಗಡು ಒದ್ದೆಯಾಗಿಯೇ ಇರುತ್ತದೆ. ಕೈಯಿಂದ ಮುಟ್ಟಿದರೆ ಒಣಗಿದಂತೆ ಕಾಣಬಹುದು, ಆದರೆ ಲೋಹದ ಮೇಲೆ ತೆಳುವಾದ ಉಪ್ಪುನೀರಿನ ಪೊರೆ ಇರುತ್ತದೆ. ತುಕ್ಕು ಹಿಡಿಯಲು ಬೇಕಾದ್ದು ಅಷ್ಟೇ.

ಇದನ್ನು ಅಳೆಯುವುದಕ್ಕೂ ಒಂದು ಲೆಕ್ಕವಿದೆ. ಐಎಸ್ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡ ಜಾಗಗಳನ್ನು, ಅಲ್ಲಿ ಲೋಹ ಸವೆಯುವ ವೇಗ ನೋಡಿ, ಸಿ1ರಿಂದ ಸಿ5ರ ತನಕ, ಅದಕ್ಕೂ ಮೇಲೆ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಮಧ್ಯಮ ದರ್ಜೆಯ ಸಿ3ಯಲ್ಲಿ ಸತು ಮೊದಲ ವರ್ಷ 0.7ರಿಂದ 2.1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಸವೆಯುತ್ತದೆ. ಸಿ5ರಲ್ಲಿ 4.2ರಿಂದ 8.4 ಮೈಕ್ರಾನ್. ಜಿಐ, ಅಂದರೆ ಸತು ಲೇಪದ ಶೀಟಿನ ಮೇಲೆ ಸಾಮಾನ್ಯವಾಗಿ ಕಾಣುವ ಝಡ್275 ಗುರುತಿನ ಅರ್ಥ, ಎರಡೂ ಬದಿ ಸೇರಿ ಚದರ ಮೀಟರಿಗೆ 275 ಗ್ರಾಂ ಸತು. ಒಂದು ಬದಿಗೆ ಸುಮಾರು 20 ಮೈಕ್ರಾನ್ ಆಯಿತು. ಈಗ ಭಾಗಿಸಿ ನೋಡಿ. ಅದೇ ವೇಗದಲ್ಲಿ ಸವೆದರೆ ಸಿ3ಯಲ್ಲಿ ಈ ಲೇಪ ಹತ್ತಿರಹತ್ತಿರ ಹತ್ತು ವರ್ಷವಾದರೂ ತಡೆಯುತ್ತದೆ. ಸಿ5ರಲ್ಲಿ ಎರಡೂವರೆಯಿಂದ ಐದು ವರ್ಷ. ಅದೇ ಶೀಟು, ಅದೇ ಅಂಗಡಿ, ಅದೇ ದುಡ್ಡು!

ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಎರಡು ಲೋಹ ಅಂಟಿಕೊಂಡು ಒದ್ದೆಯಾದಾಗ ಹೆಚ್ಚು ಚುರುಕಾದದ್ದು ಮೊದಲು ಕರಗುತ್ತದೆ. ಸತು ಕಬ್ಬಿಣಕ್ಕಿಂತ ಚುರುಕು. ಹಾಗಾಗಿ ಶೀಟಿನ ಮೇಲೆ ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಸುತ್ತಲಿನ ಸತು ಅದನ್ನು ಕಾಯುತ್ತದೆ. ಲಂಡನ್ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಅಲೆಅಲೆಯಾದ ಕಬ್ಬಿಣದ ಶೀಟಿಗೆ ಪೇಟೆಂಟ್ ಪಡೆದರು. 1837ರಲ್ಲಿ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ ಸತು ಲೇಪಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಮಾಡಿನ ಮೇಲೆ ಕಾಣುವುದು ಈ ಎರಡು ಉಪಾಯಗಳ ಜೋಡಿಯೇ.

1972ರಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿ ಗ್ಯಾಲ್ವಾಲ್ಯೂಮ್ ಎಂಬ ಶೀಟನ್ನು ಮಾರುಕಟ್ಟೆಗೆ ತಂದಿತು. ಅದರ ಲೇಪದ ತೂಕದಲ್ಲಿ 55 ಶೇಕಡಾ ಅಲ್ಯೂಮಿನಿಯಂ, ಮಿಕ್ಕದ್ದು ಸತು, ಜತೆಗೆ ಚೂರು ಸಿಲಿಕಾನ್. ಇದು ಬರೀ ಸತುವಿನ ಲೇಪಕ್ಕಿಂತ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಒಂದು ಕೊರತೆಯೂ ಇದೆ. ಸತು ಕಡಿಮೆ ಇರುವುದರಿಂದ ಗೀರು, ಕತ್ತರಿಸಿದ ಅಂಚುಗಳನ್ನು ಜಿಐನಷ್ಟು ಧಾರಾಳವಾಗಿ ಕಾಯುವುದಿಲ್ಲ. ಉಪ್ಪುಗಾಳಿಯಲ್ಲಿ ಇಂಥ ಶೀಟಿನ ಅಂಚುಗಳೇ ಮೊದಲು ಸೋಲುವುದು ಇದೇ ಕಾರಣಕ್ಕೆ. ಇತ್ತೀಚೆಗೆ ಮೆಗ್ನೀಸಿಯಂ ಬೆರೆಸಿದ ಲೇಪಗಳು ಬಂದಿವೆ. ಅವು ಅಂಚನ್ನು ಚೆನ್ನಾಗಿ ಕಾಯುತ್ತವೆ.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಲೆಕ್ಕ ಹೀಗೆ. ಅಲೆಯ ಸದ್ದು ಕೇಳುವಷ್ಟು ಹತ್ತಿರದ ಮನೆಗೆ ಬಣ್ಣ ಹಚ್ಚದ ಜಿಐ ಬೇಡವೇ ಬೇಡ. ಅಲ್ಲಿಗೆ ಅಲ್ಯೂಮಿನಿಯಂ ಶೀಟ್, ಮೇಲೆ ಪಿವಿಡಿಎಫ್ ಎಂಬ, ಬಿಸಿಲು ಉಪ್ಪು ತಡೆಯುವ ಪ್ಲಾಸ್ಟಿಕ್ ಬಣ್ಣ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದರ ಮೇಲೆ ತಾನಾಗಿಯೇ ಹುಟ್ಟುವ ಆಕ್ಸೈಡ್ ಪೊರೆ ಅದನ್ನು ಕಾಪಾಡುತ್ತದೆ. ಉಪ್ಪು ಅಲ್ಲಲ್ಲಿ ಸಣ್ಣ ಗುಳಿ ಕೊರೆಯಬಹುದು, ಬಣ್ಣವಿದ್ದರೆ ಅದೂ ಕಡಿಮೆ. ಸ್ವಲ್ಪ ಒಳಗೆ ಹೋದರೆ ಎಝಡ್150 (ಗ್ಯಾಲ್ವಾಲ್ಯೂಮ್ ಬಗೆಯ ಲೇಪ, ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ) ಅಥವಾ ಅದಕ್ಕಿಂತ ದಪ್ಪ ಲೇಪದ, ಒಳ್ಳೆಯ ಬಣ್ಣದ ಉಕ್ಕಿನ ಶೀಟ್ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಹಾಕುವ ಶಕ್ತಿ ಇದ್ದವರು 316 ದರ್ಜೆಯದನ್ನು ಕೇಳಿ, 304 ಅಲ್ಲ. 316ರಲ್ಲಿರುವ ಮಾಲಿಬ್ಡಿನಂ ಉಪ್ಪನ್ನು ತಡೆಯುತ್ತದೆ. ಅದಕ್ಕೂ ದಡದಲ್ಲಿ ಚಹಾ ಬಣ್ಣದ ಕಲೆ ಬೀಳುವುದುಂಟು, ಆದರೆ ಬಲಕ್ಕೇನೂ ಧಕ್ಕೆಯಿಲ್ಲ. ತಾಮ್ರದ ಮಾಡು ಚೆಂದ, ಅದರ ತಂಟೆ ಮುಂದೆ ಹೇಳುತ್ತೇನೆ.

ದಪ್ಪ ಕೇಳುವಾಗ ಒಂದು ಎಚ್ಚರ. ಬರೀ ಉಕ್ಕಿನ ದಪ್ಪ ಬೇರೆ, ಲೇಪ ಮತ್ತು ಬಣ್ಣ ಸೇರಿದ ದಪ್ಪ ಬೇರೆ. 0.42 ಮಿಲಿಮೀಟರ್ ಉಕ್ಕಿಗೆ ಲೇಪ ಸೇರಿದರೆ 0.47 ಆಗುತ್ತದೆ. ಭಾರ ಹೊರುವುದು ಒಳಗಿನ ಉಕ್ಕು. ಹೇಳಿದ್ದು ಯಾವ ದಪ್ಪ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇನ್ನು ಸ್ಕ್ರೂ. ಜನ ಸಾಮಾನ್ಯವಾಗಿ ಎಡವುವುದು ಇಲ್ಲಿ. "ಸ್ಟೇನ್‌ಲೆಸ್ ಸ್ಕ್ರೂ ಹಾಕಿಬಿಡೋಣ, ತುಕ್ಕೇ ಹಿಡಿಯಲ್ಲ" ಅನ್ನುತ್ತಾರೆ. ಸ್ಕ್ರೂಗೆ ಹಿಡಿಯುವುದಿಲ್ಲ, ನಿಜ. ಆದರೆ ಸತು ಲೇಪದ ಶೀಟಿಗೆ ಅದನ್ನು ಹಾಕಿದರೆ, ಸ್ಟೇನ್‌ಲೆಸ್ ಸುರಕ್ಷಿತವಾಗಿ ಕೂತು ಸುತ್ತಲಿನ ಸತುವನ್ನು ಕರಗಿಸುತ್ತದೆ. ಲೇಪ ಹೋದ ಮೇಲೆ ಸ್ಕ್ರೂ ಸುತ್ತ ಕೆಂಪು ಉಂಗುರ ಮೂಡುತ್ತದೆ, ರಂಧ್ರ ದೊಡ್ಡದಾಗುತ್ತದೆ, ಒಂದು ದಿನ ಶೀಟು ಹೊಳೆಯುವ ಸ್ಕ್ರೂವನ್ನು ಅಲ್ಲೇ ಬಿಟ್ಟು ಎದ್ದುಬರುತ್ತದೆ. ಲೇಪವಿರುವ ಉಕ್ಕಿನ ಶೀಟಿಗೆ ಅದೇ ಜಾತಿಯ ದಪ್ಪ ಲೇಪದ, ಕಡಲತೀರಕ್ಕೆಂದೇ ಮಾಡಿದ ಸ್ಕ್ರೂ ಸರಿ. ಅಲ್ಯೂಮಿನಿಯಂ ಶೀಟಿಗೆ ಸ್ಟೇನ್‌ಲೆಸ್ ನಡೆಯುತ್ತದೆ, ಆದರೆ ನಡುವೆ ಒಳ್ಳೆಯ ರಬ್ಬರ್ ವಾಷರ್ ಇರಲೇಬೇಕು.

ತಾಮ್ರದ ತಂಟೆಯೂ ಇದೇ ಜಾತಿಯದು. ಎರಡು ಲೋಹ ಮುಟ್ಟಬೇಕೆಂದೂ ಇಲ್ಲ. ತಾಮ್ರದ ಮೇಲೆ ಹರಿದ ಮಳೆನೀರು ಕೆಳಗಿನ ಸತು ಅಥವಾ ಅಲ್ಯೂಮಿನಿಯಂ ಶೀಟಿನ ಮೇಲೆ ಬಿದ್ದರೂ ಸಾಕು, ತೂತು ಬೀಳುತ್ತದೆ. ಮಾಡಿನ ಮೇಲಿರುವ ಏಸಿಯ ತಾಮ್ರದ ಪೈಪಿನಿಂದ ತೊಟ್ಟಿಕ್ಕುವ ನೀರಿನದೂ ಅದೇ ಕಥೆ. ಸೀಸದ ಪಟ್ಟಿ, ತಾಮ್ರದ ರಾಸಾಯನಿಕ ಕುಡಿಸಿದ ಮರ, ಹಸಿ ಸಿಮೆಂಟು, ಇವ್ಯಾವನ್ನೂ ತಗಡಿಗೆ ತಾಗಿಸಬಾರದು. ಸೀಸದಕಡ್ಡಿಯಿಂದ ಅಳತೆಯ ಗೆರೆ ಹಾಕುವುದೂ ತಪ್ಪೇ! ಅದರೊಳಗಿನ ಗ್ರಾಫೈಟ್ ಇಂಗಾಲ, ವಿದ್ಯುತ್ ಹರಿಸುತ್ತದೆ, ಸತುವನ್ನು ಕರಗಿಸುತ್ತದೆ. ಗೆರೆ ಎಳೆದಲ್ಲೇ ಲೇಪ ಸವೆಯುತ್ತದೆ. ಮಾರ್ಕರ್ ಪೆನ್ ಬಳಸಿದರೆ ಮುಗಿಯಿತು.

ಶೀಟ್ ಕತ್ತರಿಸುವುದನ್ನು ನಿಂತು ನೋಡಿ. ಗ್ರೈಂಡರ್ ಹಿಡಿದರೆ ಕೆಲಸ ಬೇಗ ಆಗುತ್ತದೆ, ಕಿಡಿ ಹಾರುವುದು ನೋಡಲೂ ಮಜಾ. ಆ ಬಿಸಿಗೆ ಅಂಚಿನ ಲೇಪ, ಬಣ್ಣ ಎರಡೂ ಸುಡುತ್ತವೆ. ಹಾರಿದ ಕಿಡಿಗಳು ಕೆಂಪಗೆ ಕಾದ ಉಕ್ಕಿನ ಚೂರುಗಳು. ಪಕ್ಕದ ಶೀಟಿನ ಬಣ್ಣದೊಳಗೆ ಹೂತು ಕೂರುತ್ತವೆ. ಕೆಲವೇ ದಿನಕ್ಕೆ ಮಾಡಿನ ತುಂಬ ಕಂದು ಚುಕ್ಕೆ. ಶೀಟ್ ಕಂಪನಿಯವರು ಮೋಸ ಮಾಡಿದರು ಎಂದು ಬೈಯುವುದು ಆಗಲೇ. ತಗಡಿನ ಕತ್ತರಿಯಿಂದಲೋ, ತಗಡನ್ನು ಚೂರುಚೂರೇ ಕಚ್ಚಿ ಕತ್ತರಿಸುವ ನಿಬ್ಲರ್‌ನಿಂದಲೋ ಕತ್ತರಿಸಿದರೆ ಅಂಚು ತಣ್ಣಗಿರುತ್ತದೆ. ಅದೂ ಮಾಡಿನ ಮೇಲೆ ಬೇಡ, ನೆಲದ ಮೇಲೆ. ಸ್ಕ್ರೂ ಹೊಡೆದಾಗ ಉದುರುವ ಲೋಹದ ಪುಡಿಯನ್ನು ಅವತ್ತೇ ಸಂಜೆ ಮೆತ್ತನೆ ಪೊರಕೆಯಿಂದ ಗುಡಿಸಿ ಹಾಕಿಸಿ. ನಾಳೆ ಅಂದರೆ ರಾತ್ರಿಯ ಇಬ್ಬನಿಗೆ ಅದು ತುಕ್ಕಾಗಿರುತ್ತದೆ.

ಸ್ಕ್ರೂ ಬಿಗಿಯುವುದರಲ್ಲೂ ಹದ ಇದೆ. ರಬ್ಬರ್ ವಾಷರ್ ಲೋಹದ ಟೋಪಿಯ ಅಂಚಿನಿಂದ ಚೂರೇ ಚೂರು ಉಬ್ಬಿ ಕಾಣಬೇಕು. ಅಷ್ಟಕ್ಕೆ ನಿಲ್ಲಿಸಬೇಕು. ಜಾಸ್ತಿ ಬಿಗಿದರೆ ರಬ್ಬರ್ ಹೊರಗೆ ಹಿಂಡಿಹೋಗಿ ಸೀಳುತ್ತದೆ, ತಗಡು ತಗ್ಗಿ ಬಟ್ಟಲಾಗುತ್ತದೆ, ಬಟ್ಟಲಲ್ಲಿ ಉಪ್ಪುನೀರು ನಿಲ್ಲುತ್ತದೆ. ಸಡಿಲ ಬಿಟ್ಟರೆ ಸೋರುತ್ತದೆ. ಓರೆಯಾಗಿ ಹೊಡೆದರೆ ಒಂದು ಬದಿ ಹಿಂಡಿ, ಇನ್ನೊಂದು ಬದಿ ಬಾಯಿ ತೆರೆದಿರುತ್ತದೆ. ಡ್ರಿಲ್ ಹಿಡಿದವನ ಕೈಗೆ ದಣಿವಾದಾಗ ಆಗುವ ತಪ್ಪು ಇದು. ನಡುನಡುವೆ ನಾಲ್ಕಾರು ಸ್ಕ್ರೂ ಬಗ್ಗಿ ನೋಡುವುದು ಮನೆಯವರದೇ ಕೆಲಸ. ತಗ್ಗಿನಲ್ಲಿ ನೀರು ಹರಿಯುವುದರಿಂದ ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬಂದರೆ ಒಳ್ಳೆಯದು.

ತಗಡು ಬಿಸಿಲಿಗೆ ಹಿಗ್ಗುತ್ತದೆ ಅನ್ನುವುದೂ ಗೊತ್ತಿರಲಿ. 50 ಡಿಗ್ರಿ ವ್ಯತ್ಯಾಸಕ್ಕೆ 6 ಮೀಟರ್ ಉದ್ದದ ಉಕ್ಕಿನ ಶೀಟು ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ, ಅಲ್ಯೂಮಿನಿಯಂ ಸುಮಾರು ಏಳು. ಉದ್ದನೆಯ ಅಲ್ಯೂಮಿನಿಯಂ ಶೀಟಿಗೆ ಜರುಗಲು ಜಾಗ ಕೊಡದಿದ್ದರೆ ಸ್ಕ್ರೂ ರಂಧ್ರ ದಿನಾ ಎಳೆದಾಡಿ ಉದ್ದವಾಗುತ್ತದೆ. ತಿಳಿ ಬಣ್ಣ ಹಾಕಿದರೆ ಬಿಸಿ ಕಡಿಮೆ, ಹಿಗ್ಗುವುದೂ ಕಡಿಮೆ.

ಕಡಲತೀರ ಅಂದಮೇಲೆ ಗಾಳಿಯ ಮಾತು ಬಿಡುವಂತಿಲ್ಲ. ಗಾಳಿ ಮಾಡನ್ನು ಕೆಳಗೆ ಒತ್ತುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಕಡಿಮೆ ಇಳಿಜಾರಿನ ಮಾಡಿನ ಮೇಲೆ ಹಾದುಹೋಗುವಾಗ ಅದು ಮೇಲಕ್ಕೆ ಹೀರುತ್ತದೆ. ಗಂಟೆಗೆ 180 ಕಿಲೋಮೀಟರ್ ಗಾಳಿಯ ಒತ್ತಡ ಚದರ ಮೀಟರಿಗೆ ಹತ್ತಿರಹತ್ತಿರ 150 ಕಿಲೋ ಭಾರಕ್ಕೆ ಸಮ. ಅಷ್ಟೇ ಅಗಲದ ಅರ್ಧ ಮಿಲಿಮೀಟರ್ ಉಕ್ಕಿನ ಶೀಟಿನ ತೂಕ ನಾಲ್ಕೈದು ಕಿಲೋ! ಮೂಲೆ, ಸೂರಿನ ಅಂಚು, ಮಾಡಿನ ತುದಿಗಳಲ್ಲಿ ಎಳೆತ ಇನ್ನೂ ಜಾಸ್ತಿ. ಅಲ್ಲಿ ಸ್ಕ್ರೂಗಳು ಒತ್ತೊತ್ತಾಗಿ ಇರಬೇಕು, ಶೀಟನ್ನು ಹೊರುವ ಅಡ್ಡತೊಲೆಗಳಾದ ಪರ್ಲಿನ್‌ಗಳೂ ಹತ್ತಿರವಿರಬೇಕು. ತೆರೆದ ಜಗಲಿ ಇದ್ದರೆ ಕೆಳಗಿನಿಂದಲೂ ಗಾಳಿ ನೂಕುತ್ತದೆ.

1974ರ ಕ್ರಿಸ್‌ಮಸ್ ಹೊತ್ತಿಗೆ ಟ್ರೇಸಿ ಚಂಡಮಾರುತ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಹೆಚ್ಚಿನ ಮನೆಗಳನ್ನು ಕೆಡವಿತು. ಗಾಳಿಯ ವೇಗ ಗಂಟೆಗೆ 217 ಕಿಲೋಮೀಟರ್ ದಾಖಲಾದ ಮೇಲೆ ಅಳೆಯುವ ಯಂತ್ರವೇ ಕೆಟ್ಟಿತು. ಆಮೇಲೆ ಎಂಜಿನಿಯರ್ ಜಾರ್ಜ್ ವಾಕರ್ ಹಾನಿಯನ್ನು ಪರಿಶೀಲಿಸಿದರು. ಒಂದೇ ಏಟಿಗೆ ಕಿತ್ತುಹೋಗದ ಶೀಟುಗಳು ಗಂಟೆಗಟ್ಟಲೆ ಮೇಲೆ ಕೆಳಗೆ ಬಡಿದಾಡಿ, ಸ್ಕ್ರೂ ತಲೆಯ ಸುತ್ತ ಲೋಹ ದಣಿದು ಬಿರುಕು ಬಿಟ್ಟಿತ್ತು. ಅಲ್ಲಿಯ ತನಕದ ಪರೀಕ್ಷೆಗಳಲ್ಲಿ ಭಾರ ಹೇರಿ ನೋಡುತ್ತಿದ್ದರೇ ಹೊರತು, ಸಾವಿರಾರು ಸಲ ಎಳೆದು ಬಿಟ್ಟು ನೋಡುತ್ತಿರಲಿಲ್ಲ. ಈಗ ಚಂಡಮಾರುತದ ಸೀಮೆಗಳಲ್ಲಿ ಸ್ಕ್ರೂ ತಲೆಯಡಿ ಅಗಲವಾದ ಲೋಹದ ವಾಷರ್ ಹಾಕುವುದು ಇದರಿಂದಲೇ. ತುಕ್ಕಿನಿಂದ ತೆಳುವಾದ ರಂಧ್ರದ ಅಂಚು ಇಂಥ ಬಡಿತಕ್ಕೆ ಎಷ್ಟು ಹೊತ್ತು ತಡೆದೀತು, ಅಲ್ವಾ? ಉಪ್ಪು ಮತ್ತು ಗಾಳಿ ಎರಡೂ ಕೈಹಾಕುವುದು ಒಂದೇ ಜಾಗಕ್ಕೆ.

ಕೊನೆಯದು ತೊಳೆಯುವ ಕೆಲಸ. ಮಳೆ ತಾಗುವ ಮೇಲ್ಭಾಗವನ್ನು ಮಳೆಯೇ ತೊಳೆಯುತ್ತದೆ. ಸೂರಿನ ಅಡಿ, ಜಗಲಿಯ ಒಳಮೈ, ಸೋಲಾರ್ ಪ್ಯಾನೆಲ್ ಕೆಳಗಿನ ಜಾಗ, ಸೂರಿನ ಮಳೆನೀರು ಹರಿಯುವ ದೋಣಿಯ ಹೊರಬದಿ, ಇವುಗಳಿಗೆ ಮಳೆ ಸಿಗುವುದಿಲ್ಲ. ಉಪ್ಪು ಮಾತ್ರ ಸಿಗುತ್ತದೆ. ವರ್ಷಕ್ಕೆ ಎರಡು ಸಲವಾದರೂ, ದಡದ ಪಕ್ಕದಲ್ಲಾದರೆ ಇನ್ನೂ ಹೆಚ್ಚು ಸಲ, ಸಿಹಿನೀರಿನ ಪೈಪು ಹಿಡಿದು ಮೆತ್ತನೆ ಬ್ರಷ್‌ನಿಂದ ಉಜ್ಜಿದರೆ ಸಾಕು. ಗೀಚುವ ಪುಡಿ, ಕಬ್ಬಿಣದ ನಾರು ಬೇಡ. ದೋಣಿಯ ತರಗೆಲೆ ತೆಗೆಯಿರಿ, ಒದ್ದೆ ಎಲೆಯಡಿ ತಗಡು ಒಣಗುವುದೇ ಇಲ್ಲ. ಏಣಿ ಹತ್ತಿದ ಮೇಲೆ ಸ್ಕ್ರೂಗಳತ್ತ ಒಮ್ಮೆ ಕಣ್ಣಾಡಿಸಿ. ಕೆಂಪು ಉಂಗುರ ಕಂಡ ಸ್ಕ್ರೂವನ್ನು ತೆಗೆದು, ಸುತ್ತಲಿನ ಲೋಹ ಗಟ್ಟಿ ಇದ್ದರೆ ಅದೇ ಜಾತಿಯ, ಒಂದು ಸೈಜು ದಪ್ಪದ ಹೊಸ ಸ್ಕ್ರೂವನ್ನು ಹೊಸ ವಾಷರ್ ಜತೆ ಹಾಕಿಸಿ. ಲೋಹ ಪುಡಿಯಾಗುತ್ತಿದ್ದರೆ ಮೇಣ, ಟಾರು ಮೆತ್ತಿ ಸುಮ್ನೆ ಮುಚ್ಚಬೇಡಿ, ಆ ಶೀಟನ್ನೇ ಬದಲಿಸಿ.