ವಾಕರ್, ಫುಲ್ಲರ್, ಟಕ್ಕರ್: ಒಂದೇ ಕಸುಬಿನ ಮೂರು ಅಡ್ಡಹೆಸರುಗಳು

ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಕಾಣುವ ಇಪ್ಪತ್ತು ಅಡ್ಡಹೆಸರುಗಳಲ್ಲಿ ವಾಕರ್ ಒಂದು. ‘ವಾಕ್’ ಎಂದರೆ ನಡಿಗೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ, ಕಾಡು ಸುತ್ತುತ್ತಿದ್ದ ಕಾವಲುಗಾರನಿಗೆ ಬಂದ ಹೆಸರಿದು ಎಂದು ಅರ್ಥ ಹೇಳುವವರಿದ್ದಾರೆ. ಬಹುಪಾಲು ವಾಕರ್ ಮನೆತನಗಳಿಗೆ ಆ ಅರ್ಥ ಹೊಂದುವುದಿಲ್ಲ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯನ್ನು ತುಳಿದು ಹದ ಮಾಡುವವನೇ ವಾಕರ್. ಉತ್ತರ ಇಂಗ್ಲೆಂಡ್ ಮತ್ತು ಮಿಡ್‌ಲ್ಯಾಂಡ್ಸ್ ಕಡೆ ಅವನಿಗೆ ಈ ಹೆಸರು; ಆಗ್ನೇಯದಲ್ಲಿ ಅವನೇ ಫುಲ್ಲರ್; ನೈಋತ್ಯದ ಡೆವನ್, ಸಾಮರ್ಸೆಟ್‌ಗಳಲ್ಲಿ ಟಕ್ಕರ್. ಹೆಸರು ಕಸುಬಿನ ಜೊತೆಗೆ ಮನೆತನ ಮೂಲತಃ ಯಾವ ದಿಕ್ಕಿನದು ಎಂಬುದನ್ನೂ ಸೂಚಿಸುತ್ತದೆ. ಮೂರನ್ನೂ ಒಟ್ಟಿಗೇ ಓದಬೇಕಾದದ್ದು ಅದಕ್ಕೇ.

ಕಸುಬು

ಮಗ್ಗದ ಉಣ್ಣೆ ಬಟ್ಟೆ ಜಾಳಾಗಿರುತ್ತದೆ. ಕುರಿಯ ಮೈಜಿಡ್ಡು, ನೂಲುವ ಮುಂಚೆ ಉಣ್ಣೆಗೆ ಸವರಿದ ಎಣ್ಣೆ ಅದರಲ್ಲೇ ಉಳಿದಿರುತ್ತವೆ. ಬಟ್ಟೆಯನ್ನು ತೊಟ್ಟಿಗೆ ಹಾಕಿ, ಹಳಸಿದ ಮೂತ್ರ ಸುರಿದು ತುಳಿಯುತ್ತಿದ್ದರು. ತಾಜಾ ಮೂತ್ರದಿಂದ ಕೆಲಸವಾಗದು. ದಿನ ಕಳೆದಂತೆ ಅದರ ಯೂರಿಯಾ ಒಡೆದು ಅಮೋನಿಯಾ ಆಗಬೇಕು, ಜಿಡ್ಡು ಬಿಡಿಸುವುದು ಅದೇ. ಜಿಡ್ಡನ್ನು ಹೀರಿಕೊಳ್ಳಲು ಒಂದು ಬಗೆಯ ಜೇಡಿಮಣ್ಣನ್ನೂ ಬಳಸುತ್ತಿದ್ದರು. ಅದು ‘ಫುಲ್ಲರ್ಸ್ ಅರ್ತ್’. ನಮ್ಮ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚಲು ಸಿಗುವ ಮುಲ್ತಾನಿ ಮಿಟ್ಟಿಗೆ ಇಂಗ್ಲಿಷಿನಲ್ಲಿ ಇಂದಿಗೂ ಅದೇ ಹೆಸರು. ಇಂಗ್ಲೆಂಡಿನಲ್ಲಿ ಸರ್ರೆಯ ನಟ್‌ಫೀಲ್ಡ್, ಬೆಡ್‌ಫರ್ಡ್‌ಶೈರಿನ ವೋಬರ್ನ್ ಸುತ್ತ ಈ ಮಣ್ಣನ್ನು ಅಗೆಯುತ್ತಿದ್ದರು.

ಉಣ್ಣೆಯ ಎಳೆಯ ಮೇಲೆ ಬರಿಗಣ್ಣಿಗೆ ಕಾಣದ ಹುರುಪೆಗಳಿವೆ. ತೇವ, ಬಿಸಿ, ಒತ್ತಡ ಮೂರೂ ಸೇರಿದಾಗ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ. ಬಿಸಿನೀರಲ್ಲಿ ಒಗೆದ ಸ್ವೆಟರ್ ಚಿಕ್ಕದಾಗುವುದೂ ಹೀಗೆಯೇ. ಅಗಲ ಸುಮಾರು ಮೂರನೇ ಒಂದು ಪಾಲು ಕುಗ್ಗುವ ಲೆಕ್ಕ ಹಿಡಿದೇ ಬಟ್ಟೆಯನ್ನು ಅಷ್ಟು ಅಗಲವಾಗಿ ನೇಯುತ್ತಿದ್ದರು. ತುಳಿಯುವಾಗ ಆಗಾಗ ಹೊರತೆಗೆದು ಮಡಿಕೆ ಬದಲಿಸದಿದ್ದರೆ ಮಡಿಕೆಯ ಗೆರೆ ಹಾಗೇ ಕೂತುಬಿಡುತ್ತದೆ. ಜಿಡ್ಡು ಉಳಿದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ. ಅತಿಯಾಗಿ ತುಳಿದರೆ ಬಟ್ಟೆ ಬಿರುಸಾಗಿ ಅಳತೆಗೆ ಕಡಿಮೆ ಬೀಳುತ್ತದೆ. ಕೊನೆಗೆ ಚೆನ್ನಾಗಿ ಜಾಲಾಡಿಸಿ, ಟೆಂಟರ್ ಎಂಬ ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ ಒಣಗಿಸಬೇಕು. ಮೋಸ ನಡೆಯುತ್ತಿದ್ದುದು ಇಲ್ಲೇ: ಹೆಚ್ಚು ಜಗ್ಗಿ ಮಾರಿದ ಬಟ್ಟೆ ನೆನೆದ ಕೂಡಲೇ ಮತ್ತೆ ಕುಗ್ಗುತ್ತದೆ. ಅದನ್ನು ತಡೆಯಲು ಕಾಯ್ದೆಗಳನ್ನೇ ತರಬೇಕಾಯಿತು.

ಪದಗಳ ಬೇರು

ಫುಲ್ಲರ್ ಲ್ಯಾಟಿನ್ನಿನ ‘ಫುಲ್ಲೊ’ದಿಂದ ಬಂದದ್ದು, ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚ್ ಅದಕ್ಕೆ ಬಲ ಕೊಟ್ಟಿತು. ಟಕ್ಕರ್‌ನ ಹಿಂದಿರುವ ಹಳೆಯ ಇಂಗ್ಲಿಷ್ ಕ್ರಿಯಾಪದಕ್ಕೆ ಹಿಂಸಿಸು ಎಂಬ ಅರ್ಥವಿತ್ತು. ವಾಕರ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ‘ಬಟ್ಟೆಯ ಮೇಲೆ ನಡೆದದ್ದಕ್ಕೆ ವಾಕರ್’ ಎಂಬ ವಿವರಣೆ ಕೇಳಲು ಸೊಗಸು, ಆದರೆ ಆ ಕ್ರಿಯಾಪದದ ಹಳೆಯ ಅರ್ಥ ಉರುಳಿಸು, ಹೊರಳಾಡಿಸು ಎಂದು. ನಡೆಯುವ ಅರ್ಥ ನೆಲೆಯಾದದ್ದು ತಡವಾಗಿ, ಬಟ್ಟೆಯ ಕಸುಬಿನವನಿಗೆ ಆ ಹೆಸರು ಬಂದ ಮೇಲೆ.

ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಕಾಲದ ಹೊಂದಾಣಿಕೆ. 1185ರಲ್ಲಿ ಟೆಂಪ್ಲರ್ ನೈಟ್‌ಗಳು (ಕ್ರೈಸ್ತ ಯೋಧ-ಸನ್ಯಾಸಿಗಳ ಒಂದು ಪಂಗಡ) ಮಾಡಿಸಿದ ಆಸ್ತಿ ಸಮೀಕ್ಷೆಯಲ್ಲೇ ಯಾರ್ಕ್‌ಶೈರ್, ಗ್ಲೌಸ್ಟರ್‌ಶೈರ್‌ಗಳಲ್ಲಿ ಈ ಕೆಲಸದ ನೀರುಗಿರಣಿಗಳ ಉಲ್ಲೇಖವಿದೆ. ಕಾಲಿನ ಜಾಗಕ್ಕೆ ಮರದ ಕೊಡತಿಗಳು ಬಂದವು, 13ನೇ ಶತಮಾನದಲ್ಲಿ ಹಲವೆಡೆ ಹರಡಿದವು. ಜನಸಾಮಾನ್ಯರ ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಇಳಿಯಲು ಶುರುವಾದದ್ದೂ ಹೆಚ್ಚುಕಡಿಮೆ ಆಗಲೇ: ದಕ್ಷಿಣದಲ್ಲಿ ಬಹುತೇಕ 1350ರ ಹೊತ್ತಿಗೆ, ಉತ್ತರದಲ್ಲಿ ಇನ್ನೂ ತಡವಾಗಿ. ಹೀಗಾಗಿ ಕಾಲಲ್ಲಿ ತುಳಿಯದೆ ಗಿರಣಿ ನಡೆಸಿದವನೂ ವಾಕರ್ ಆಗಿ ದಾಖಲಾದ. ಗಿರಣಿಗೂ ಅಲ್ಲಲ್ಲಿನ ಮಾತಿನಂತೆ ‘ವಾಕ್ ಮಿಲ್’, ‘ಟಕ್ ಮಿಲ್’ ಎಂಬ ಹೆಸರುಗಳು ಬಂದವು. ಎಕ್ಸೆಟರ್‌ನಲ್ಲಿ ನೇಕಾರರು, ಫುಲ್ಲರ್‌ಗಳು ಮತ್ತು ಬಟ್ಟೆಯ ಮೇಲೆದ್ದ ನವಿರನ್ನು ಕತ್ತರಿಸಿ ಸಮ ಮಾಡುವವರು ಸೇರಿದ ಸಂಘದ 1471ರ ಕಟ್ಟಡವನ್ನು ಇಂದಿಗೂ ‘ಟಕ್ಕರ್ಸ್ ಹಾಲ್’ ಎಂದೇ ಕರೆಯುತ್ತಾರೆ.

ಮೂಲ ಹುಡುಕುವಾಗ

ಈಗಿನವರಿಂದ ಹಿಂದಕ್ಕೆ ಹೋಗಬೇಕು: 1841ರಿಂದ ಹೆಸರುವಾರು ಜನಗಣತಿ, 1837ರಿಂದ ಸರ್ಕಾರಿ ಜನನ-ಮರಣ ನೋಂದಣಿ, 1538ರಿಂದ ಚರ್ಚಿನ ದಾಖಲೆಗಳು. ಅದರಾಚೆಗೆ 1377, 1379, 1381ರ ತಲೆಗಂದಾಯದ ಪಟ್ಟಿಗಳು. 1379ರ ಪಟ್ಟಿಯಲ್ಲಿ ಕೆಲವೆಡೆ ಹೆಸರಿನ ಪಕ್ಕ ಕಸುಬನ್ನೂ ಬರೆದಿದ್ದಾರೆ. ಇದು ಬಹಳ ಬೆಲೆಬಾಳುವ ಸುಳಿವು. ಹೆಸರು ವಾಕರ್, ಕಸುಬು ಕಮ್ಮಾರಿಕೆ ಎಂದಿದ್ದರೆ ಆ ಹೆಸರು ಆಗಲೇ ವಂಶಪಾರಂಪರ್ಯ ಆಗಿರುವ ಸಾಧ್ಯತೆ ಹೆಚ್ಚು. ಕಸುಬೂ ವಾಕರ್‌ನದೇ ಆಗಿದ್ದರೆ ತೀರ್ಮಾನಕ್ಕೆ ಬರಬಾರದು, ಮಗನ ಕಾಲದ ದಾಖಲೆಯಲ್ಲೂ ಅದೇ ಹೆಸರಿದೆಯೇ ನೋಡಬೇಕು.

ಎಡವುವ ಜಾಗಗಳು ಮೂರು. ಟೈನ್ ನದಿಯ ದಂಡೆಯಲ್ಲಿ ವಾಕರ್ ಎಂಬ ಊರೇ ಇದೆ. ಅದರ ಅರ್ಥ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪಕ್ಕದ ಜೌಗುನೆಲ, ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಸ್ಕಾಟ್ಲೆಂಡಿನ ಕೆಲವು ವಾಕರ್‌ಗಳು ‘ಮಕ್ ಅನ್ ಉಖ್ಕದರ್’ ಎಂಬ ಗೇಲಿಕ್ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡವರು. ಅಲ್ಲಿ ಅರ್ಥ ಬಟ್ಟೆ ತುಳಿಯುವವನ ಮಗ ಎಂದೇ ಇದ್ದರೂ ವಂಶ ಬೇರೆ. ಐರ್ಲೆಂಡಿನ ಟಕ್ಕರ್‌ಗಳಲ್ಲಿ ಹಲವರದು ಕಸುಬಿನ ಹೆಸರೇ ಅಲ್ಲ, ದನಿಯಲ್ಲಿ ಹೋಲುವ ಒಂದು ಐರಿಷ್ ಹೆಸರು ಇಂಗ್ಲಿಷ್ ಬರವಣಿಗೆಯಲ್ಲಿ ಟಕ್ಕರ್ ಆದದ್ದು. ಅಂಥ ಮನೆತನವನ್ನು ಡೆವನ್ನಿನ ದಾಖಲೆಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.